ಆಡು–ಹುಲಿ ಆಟದ ಕಾಠಿಣ್ಯ

ಕಾಮಯಗೌಂಡನ್‌ಪಟ್ಟಿಯ ಜಗಲಿಗಳಲ್ಲಿ ಸೀಮೆಸುಣ್ಣದಿಂದ ಬರೆದು ನಾವಾಡುತ್ತಿದ್ದ ಆಡು–ಹುಲಿ ಆಟವನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಗೆರೆಗಳು ಕೂಡುವ ಮನೆಗಳು 23, ಹುಲಿ 3, ಆಡು 15. ಪಕ್ಕದ ಆಡಿನ ಹಿಂದೆ ನೇರ ಗೆರೆಯಲ್ಲಿ ಮನೆ ತೆರವಿದ್ದರೆ ಮಾತ್ರ ಹುಲಿ ಹಾರಿ ಕೊಲ್ಲಬಲ್ಲದು. ಆಡಿಗೆ ಕೊಲ್ಲುವ ಶಕ್ತಿಯಿಲ್ಲ. ಒಂದರ ಹಿಂದೊಂದು ನಿಂತು ಹುಲಿಗಳನ್ನು ಕದಲದಂತೆ ಕಟ್ಟಿದರೆ ಗೆಲುವು ಆಡಿನದೇ. ಹದಿನೈದನ್ನೂ ಇಡುವವರೆಗೆ ಇಟ್ಟದ್ದನ್ನು ನಡೆಸುವಂತಿಲ್ಲವೆಂಬ ನಿಯಮದಲ್ಲಿಯೇ ಕಾಠಿಣ್ಯವೆಲ್ಲ ಅಡಗಿದೆ.

1980ರ ‘ರೋಗ್’ ಎಂಬ ಗಣಕಯಂತ್ರದ ಆಟದಲ್ಲಿ ನೆಲಮಾಳಿಗೆಯ ಆಳಕ್ಕಿಳಿದಷ್ಟೂ ರಾಕ್ಷಸರು ಬಲಿಷ್ಠರು. ಸತ್ತವನು ಮೊದಲಿನಿಂದಲೇ ಆರಂಭಿಸಬೇಕು. ಆದರೆ ಅಲ್ಲಿ ಪೆಟ್ಟು ತಗಲುವುದು ಅದೃಷ್ಟವನ್ನೂ ಅವಲಂಬಿಸಿದೆ. ನಮ್ಮ ಆಟದಲ್ಲಿ ದಾಳವಿಲ್ಲ. ಸೋಲಿನ ಕಾರಣ ಸೋತವನ ಕಣ್ಣೆದುರೇ ಇರುತ್ತದೆ. ಇದನ್ನೇ ನಾನು ಮೇಲೆಂದು ಎಣಿಸುತ್ತೇನೆ.

ಐದು ಆಡು ಹೋದರೆ ಸೋಲೆಂಬುದು ಒಂದು ವಾಡಿಕೆ. ಎಳೆಯರಿಗಾಗಿ ಹುಲಿಯನ್ನು ಕಡಿಮೆ ಮಾಡಲು ನಾನೊಪ್ಪುತ್ತಿರಲಿಲ್ಲ; ಹುಲಿ ಎರಡಾದರೆ ಬೆನ್ನ ಹಿಂದಿನ ತೆರಪನ್ನು ಮುಚ್ಚುವ ಪಾಠವೇ ತಪ್ಪಿಹೋಗುತ್ತದೆ. ಆ ಐದನ್ನು ಏಳು ಮಾಡಿ ಆಡಿಸುತ್ತಿದ್ದೆ.