ಶಾಲು ಹೊದಿಸುವ ಮೊದಲು

ಚಿ. ರವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಕೈಸೇರಿತು. ಫೋನಿನಲ್ಲಿ ಎರಡು ಮಾತಾಡಿ ಮುಗಿಸದೆ ಕೂತು ಬರೆದೆಯಲ್ಲ, ನನಗೆ ಅದೇ ಹಿಗ್ಗು. ಈ ಸಲದ ರಾಜ್ಯೋತ್ಸವಕ್ಕೆ ಊರಿನ ಕೆಲಸಕ್ಕೆ ಹೆಗಲು ಕೊಟ್ಟ ಮೂವರು ಹುಡುಗ ಹುಡುಗಿಯರಿಗೆ ಸನ್ಮಾನ ಮಾಡಬೇಕೆಂದು ಯುವಕ ಸಂಘದಲ್ಲಿ ತೀರ್ಮಾನವಾಗಿದೆ, ಆರಿಸುವ ಹೊಣೆ ನಿನ್ನ ಮೇಲೆ ಬಿದ್ದಿದೆ ಎಂದು ಬರೆದಿದ್ದೀಯ. ಒಳ್ಳೆಯ ಯೋಚನೆ ಕಣೋ. ಬೆಳೆಯುವ ವಯಸ್ಸಿನಲ್ಲಿ ಊರು ತನ್ನನ್ನು ಗಮನಿಸಿದೆ ಎಂದು ತಿಳಿದ ಮಗುವಿನ ನಡಿಗೆಯೇ ಬೇರೆಯಾಗುತ್ತದೆ. ನಾನು ಮೂವತ್ತು ಚಿಲ್ಲರೆ ವರ್ಷ ಮಕ್ಕಳ ನಡುವೆ ಇದ್ದವಳು, ಇದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ನಿನ್ನ ಕಾಗದ ಓದಿದಾಗಿನಿಂದ ಒಂದು ಸಣ್ಣ ಆತಂಕ. ಅದನ್ನು ಹೇಳುವ ಮೊದಲು ಒಂದು ಘಟನೆ ನೆನಪಿಸುತ್ತೇನೆ.

2019ರ ಆಗಸ್ಟ್ ನಿನಗೆ ನೆನಪಿರಬೇಕು. ಕೃಷ್ಣಾ ನದಿಗೆ ಪ್ರವಾಹ ಬಂದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ಹತ್ತಿರ ಸೇತುವೆಯೇ ಕಾಣದಂತಾಗಿತ್ತು. ಅತ್ತ ಹೋಗಬೇಕಾದ ಆಂಬುಲೆನ್ಸ್ ಚಾಲಕನಿಗೆ ರಸ್ತೆ ಎಲ್ಲಿ, ಹೊಳೆ ಎಲ್ಲಿ ತಿಳಿಯದು. ಆ ಊರಿನ 12 ವರ್ಷದ ಹುಡುಗನೊಬ್ಬ ನೀರಿಗಿಳಿದು, ಎಡವುತ್ತ ಏಳುತ್ತ, ಗಾಡಿಯ ಮುಂದೆ ಮುಂದೆ ಓಡಿ ದಾರಿ ತೋರಿಸಿದ. ಆ ವಿಡಿಯೊ ನಾಡೆಲ್ಲ ನೋಡಿತು. ಅದೇ ತಿಂಗಳ ಸ್ವಾತಂತ್ರ್ಯೋತ್ಸವದಂದು ಜಿಲ್ಲಾಡಳಿತ ಅವನನ್ನು ಗೌರವಿಸಿತು. ಮುಂದೆ ರಾಷ್ಟ್ರಮಟ್ಟದ ಶೌರ್ಯ ಪ್ರಶಸ್ತಿಯೂ ಬಂತು. ಆಗಬೇಕಾದ್ದೇ.

ನಮ್ಮ ದೇಶದಲ್ಲಿ ಮಕ್ಕಳ ಶೌರ್ಯಕ್ಕೆ ಪ್ರಶಸ್ತಿ ಕೊಡುವ ಪದ್ಧತಿ ಶುರುವಾದದ್ದೂ ಇಂಥದೇ ಒಂದು ಗಳಿಗೆಯಿಂದ. 1957ರ ಗಾಂಧಿ ಜಯಂತಿಯ ದಿನ ದೆಹಲಿಯ ರಾಮಲೀಲಾ ಮೈದಾನದಲ್ಲಿ ನೆಹರೂ ಅವರಿದ್ದ ಸಮಾರಂಭದ ಶಾಮಿಯಾನಕ್ಕೆ ಬೆಂಕಿ ಹತ್ತಿತು. ಹರೀಶ್ಚಂದ್ರ ಮೆಹ್ರಾ ಎಂಬ 14ರ ಸ್ಕೌಟ್ ಹುಡುಗ ಕಂಬ ಹತ್ತಿ, ಉರಿಯುವ ಬಟ್ಟೆಯನ್ನು ಚಾಕುವಿನಿಂದ ಕತ್ತರಿಸಿ ಹಾಕಿದ. ನಮ್ಮ ರಾಜ್ಯದಲ್ಲೂ ಹುಡುಗರಿಗೆ ಹೊಯ್ಸಳನ ಹೆಸರಿನಲ್ಲಿ, ಹುಡುಗಿಯರಿಗೆ ಕೆಳದಿ ಚೆನ್ನಮ್ಮನ ಹೆಸರಿನಲ್ಲಿ ಶೌರ್ಯ ಪ್ರಶಸ್ತಿ ಇದೆ. ಚೆನ್ನಮ್ಮನ ಹೆಸರು ಇಟ್ಟದ್ದು ನನಗೆ ಬಹಳ ಇಷ್ಟ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ತಾಯಿ ಆಕೆ. ಬಾಗಿಲಿಗೆ ಬಂದವನನ್ನು ಕೈಬಿಡದಿರುವುದೂ ಶೌರ್ಯವೇ.

ಆದರೆ ರವಿ, ನನ್ನ ಆತಂಕ ಇದೇ. ಪ್ರಶಸ್ತಿಗಳ ಕಣ್ಣಿಗೆ ಸುಲಭವಾಗಿ ಬೀಳುವುದು ಕೆಲವೇ ನಿಮಿಷಗಳಲ್ಲಿ ನಡೆದುಹೋಗುವ ಸಾಹಸ. ವಾರ ವಾರವೂ ಮಾಡಬೇಕಾದ, ಫೋಟೊಗೆ ಸಿಗದ ಕೆಲಸವನ್ನು ಯಾರು ನೋಡಬೇಕು? ಅದು ಊರೇ ನೋಡಬೇಕಾದ್ದು. ದೆಹಲಿಗೂ ಬೆಂಗಳೂರಿಗೂ ಅದು ಕಾಣುವುದಿಲ್ಲ.

ಗೌರಿ ಹಬ್ಬಕ್ಕೆ ಊರಿಗೆ ಬಂದಿದ್ದಾಗ ಸೊಸೈಟಿ ಮುಂದೆ ಒಂದು ಹುಡುಗಿಯನ್ನು ಕಂಡೆ. ಹೆಸರು ಬರೆಯುವುದಿಲ್ಲ, ಹೋಗಿ ನೋಡಿದರೆ ನಿನಗೇ ಗೊತ್ತಾಗುತ್ತದೆ. ರೇಷನ್ ಸಾಲಿನಲ್ಲಿ ಒಬ್ಬ ಅಜ್ಜಿ ಹೆಬ್ಬೆಟ್ಟು ಇಟ್ಟೂ ಇಟ್ಟೂ ಸೋತಿದ್ದಳು. ಜೀವಮಾನವೆಲ್ಲ ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳು. ಮೆಷಿನ್ನಿಗೆ ಗೆರೆಯೇ ಸಿಗುತ್ತಿಲ್ಲ. ಹಿಂದಿನವರು ಗೊಣಗತೊಡಗಿದರು. ಈ ಹುಡುಗಿ ಒದ್ದೆ ಬಟ್ಟೆಯಲ್ಲಿ ಅಜ್ಜಿಯ ಬೆರಳುಗಳನ್ನು ಒರೆಸಿ, ತನ್ನ ಅಂಗೈಯಲ್ಲಿ ಹಿಡಿದು ಬಿಸಿಮಾಡಿ, ಹೆಬ್ಬೆಟ್ಟು ಬಿಡಿಸಿ ಉಂಗುರಬೆರಳು ಇಡಿಸಿದಳು. ಹತ್ತಿತು. ಅಜ್ಜಿ ಅಕ್ಕಿಚೀಲ ಎತ್ತಿಕೊಳ್ಳುವಷ್ಟರಲ್ಲಿ ಅವಳು ಇನ್ನೊಬ್ಬ ತಾತನ ಪಾಸ್‌ಬುಕ್ ಬಿಡಿಸಿ ನೋಡುತ್ತಿದ್ದಳು. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿತ್ತಂತೆ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಒಂದು ಹೆಸರು. ನಾಡಕಚೇರಿಗೆ ಯಾವ ಕಾಗದ ಒಯ್ಯಬೇಕೆಂದು ತಾತನ ಕೈಲಿ ಮೂರು ಸಲ ಹೇಳಿಸಿ ಕಳಿಸಿದಳು.

ಪಿಯುಸಿ ಓದುವ ಹುಡುಗಿ. ಯಾರು ಹೇಳಿಕೊಟ್ಟರಮ್ಮ ಅಂದರೆ, ನಮ್ಮಜ್ಜಿಗೆ ಮಾಡಿಸೋಕೆ ಹೋಗಿ ಕಲಿತೆ ಅಂದಳು. ನಮ್ಮೂರಲ್ಲಿ ಎಷ್ಟು ಮುದುಕರ ಮನೆಯ ಒಲೆ ಅವಳಿಂದ ಉರಿಯುತ್ತಿದೆಯೋ, ಯೋಚಿಸು.

ಇಂಥವರನ್ನು ಹುಡುಕಬೇಕಾದರೆ ಅರ್ಜಿ ಕರೆಯಬೇಡ. ಅರ್ಜಿ ಹಾಕುವ ಧೈರ್ಯ ಇವರಿಗೆ ಇರುವುದಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳು, ಬಿಸಿಯೂಟದ ಅಡುಗೆಯವರನ್ನು ಕೇಳು, ನೀರುಗಂಟಿಯನ್ನು ಕೇಳು, ಪಂಚಾಯಿತಿ ಲೈಬ್ರರಿಯವರನ್ನು ಕೇಳು. ಊರಲ್ಲಿ ಯಾರು ಯಾರಿಗೆ ಆಗುತ್ತಾರೆ ಎಂಬುದು ಅಧ್ಯಕ್ಷರಿಗಿಂತ ಚೆನ್ನಾಗಿ ಇವರಿಗೆ ಗೊತ್ತು.

ಇನ್ನು ವೇದಿಕೆಯ ಮಾತು. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಗಾಜಿನ ಫಲಕ. ಎಲ್ಲ ಇರಲಿ, ಬೇಡವೆನ್ನುವುದಿಲ್ಲ. ಮಗುವಿನ ತಾಯಿ ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಾಳೆ, ಅದಕ್ಕೂ ಬೆಲೆಯಿದೆ. ಆದರೆ ಪರಿಚಯ ಓದುವಾಗ ಮನೆಯ ಬಡತನ, ಅಪ್ಪನ ಕುಡಿತ ಮೈಕಿನಲ್ಲಿ ಹೇಳಿಸಬೇಡ. ಶಾಲೆಯಲ್ಲಿದ್ದಾಗ ನಾನೂ ಒಬ್ಬ ವಿದ್ಯಾರ್ಥಿನಿಯ ಪರಿಚಯವನ್ನು ಹಾಗೆ ಓದಿದವಳೇ. ಆ ಹುಡುಗಿ ಹಾರ ಹಾಕಿಸಿಕೊಳ್ಳುವಾಗಲೂ ತಲೆ ಎತ್ತಲಿಲ್ಲ. ಮಾಡಿದ ಕೆಲಸವನ್ನಷ್ಟೇ ಹೇಳಿಸು, ವಿವರವಾಗಿ ಹೇಳಿಸು. ಬೆರಳು ಬಿಸಿಮಾಡಿದ್ದನ್ನೂ ಬಿಡದೆ ಹೇಳಿಸು.

ನನ್ನ ಮುಖ್ಯ ಸಲಹೆ ಇದು. ಹೆಸರು ಗೊತ್ತುಮಾಡುವ ಮೊದಲು ಆ ಹುಡುಗಿಯೋ ಹುಡುಗನೋ ಕೆಲಸ ಮಾಡುವ ಜಾಗಕ್ಕೆ ನೀನೇ ಹೋಗಿ, ಒಂದು ಹೊತ್ತು ಜೊತೆಗೆ ಕೂತು, ಈ ಕೆಲಸಕ್ಕೆ ಏನು ಬೇಕು ಎಂದು ಕೇಳು. ಸಂಘದಿಂದ ಅದನ್ನೇ ಕೊಡಿ. ಹರೇಕಳ ಹಾಜಬ್ಬನವರನ್ನು ನೋಡು. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದವರು. ಪದ್ಮಶ್ರೀ ಬರುವ ಎಷ್ಟೋ ಮೊದಲಿನಿಂದಲೂ ತಮಗೆ ಬಂದ ಪ್ರಶಸ್ತಿಯ ದುಡ್ಡನ್ನು ಆ ಶಾಲೆಗೇ ಹಾಕಿದರು. ಅವರು ತಾವಾಗಿ ಮಾಡಿದ್ದನ್ನು ಕೊಡುವವರಾದ ನೀವೇ ಮೊದಲು ಯೋಚಿಸಿದರೆ ಮಕ್ಕಳಿಗೆ ಎಷ್ಟು ಅನುಕೂಲ!

ಸೊಸೈಟಿಯ ಹುಡುಗಿಯನ್ನು ನಾನು ಕೇಳಿದೆ. ಹಣ ಕೇಳಲಿಲ್ಲ ಅವಳು. ಮುಂದಿನ ವರ್ಷ ಡಿಗ್ರಿಗೆ ಹೊರಗೆ ಹೋಗುತ್ತಾಳಂತೆ, ಆಮೇಲೆ ಈ ಅಜ್ಜಿಯರಿಗೆ ಯಾರು ಎಂಬುದೇ ಅವಳ ಚಿಂತೆ. ನಿಮ್ಮ ಸಂಘದ ಇಬ್ಬರು ಹುಡುಗರು ಈಗಿನಿಂದಲೇ ಅವಳ ಪಕ್ಕ ಕೂತು ಆ ಕೆಲಸ ಕಲಿಯಲಿ. ನೆರಳಿಗೆ ಒಂದು ಚಪ್ಪರ, ಒಂದು ಮೇಜು, ಎರಡು ಬೆಂಚು ಪಂಚಾಯಿತಿಯಿಂದ ಕೇಳು. ಕೊಡದಿದ್ದರೆ ಬೆಂಚಿನ ಖರ್ಚು ನನ್ನ ಪಿಂಚಣಿಯದು. ಕಲಿತವರ ಹೆಸರನ್ನೂ ಅದೇ ವೇದಿಕೆಯಲ್ಲಿ ಓದಿಸು.

ಸಮಾರಂಭ ಸಂಜೆಯೋ ಬೆಳಗ್ಗೆಯೋ ತಿಳಿಸು, ಬಸ್ಸು ನೋಡಿಕೊಂಡು ಬರುತ್ತೇನೆ. ನಿನ್ನ ಅಮ್ಮನಿಗೆ ಮಂಡಿನೋವಿನ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೊಳ್ಳಲು ನೆನಪಿಸು.

ಇಂತು ನಿನ್ನ,
ದೊಡ್ಡಮ್ಮ