ಬಾಡಿಗೆ ತೋಟದಮನೆಗೆ ಸೋಫಾ: ಬಟ್ಟೆಗಿಂತ ಮೊದಲು ಜಿಪ್ ನೋಡಿ

ಶುಕ್ರವಾರ ಸಂಜೆ ಹೆಬ್ಬಾಳ ದಾಟಿ ಉತ್ತರಕ್ಕೆ ಓಡುವ ಕಾರುಗಳೆಲ್ಲ ವಿಮಾನ ನಿಲ್ದಾಣಕ್ಕೇ ಹೋಗುವುದಿಲ್ಲ. ಒಂದಷ್ಟು ನಂದಿಬೆಟ್ಟದ ತಪ್ಪಲಿಗೆ ತಿರುಗುತ್ತವೆ, ಒಂದಷ್ಟು ಘಾಟಿ ಸುಬ್ರಹ್ಮಣ್ಯದ ಕಡೆಗೆ, ಇನ್ನೊಂದಷ್ಟು ಮಾಕಳಿದುರ್ಗ ಹತ್ತುವವರವು. ತುಮಕೂರು ರಸ್ತೆ ಹಿಡಿದವರು ನೆಲಮಂಗಲ ದಾಟಿ ಶಿವಗಂಗೆಯತ್ತ ಹೊರಡುತ್ತಾರೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಭಾಗದ ದ್ರಾಕ್ಷಿ ತೋಟ, ರಾಗಿ ಹೊಲಗಳ ನಡುವೆ ತೋಟದಮನೆಗಳು ಒಂದೊಂದಾಗಿ ಎದ್ದವು. ಹಲವು ಈಗ ವಾರಾಂತ್ಯಕ್ಕೆ ಬಾಡಿಗೆಗೆ ಸಿಗುತ್ತವೆ.

ಇಂಥ ಮನೆಯ ಹಜಾರಕ್ಕೆ ಮಾಲೀಕರು ಮೊದಲು ತರುವುದು ಫೋಟೊದಲ್ಲಿ ಚೆನ್ನಾಗಿ ಕಾಣುವ ಕೆನೆ ಬಣ್ಣದ ಸೋಫಾ. ನಾಲ್ಕಾರು ತಂಡ ಬಂದು ಹೋಗುವಷ್ಟರಲ್ಲಿ ಅದರ ಮೇಲೊಂದು ಜಮಖಾನ ಬೀಳುತ್ತದೆ. ಅಲ್ಲಿಗೆ ಫೋಟೊದ ಸೊಗಸೂ ಮುಗಿಯಿತು. ಅಂಗಡಿಯವರು ‘ಸ್ಟೇನ್ ಪ್ರೂಫ್’ ಎಂದು ಎಷ್ಟೇ ಹೇಳಲಿ, ಕಲೆಯೇ ಹತ್ತದ ಸೀಟು ಎಂಬುದಿಲ್ಲ. ಕಲೆ ಬಿದ್ದಾಗ ಬಿಚ್ಚಿ ಒಗೆಯಬಹುದಾದ, ಸವೆದಾಗ ಊರಿನ ಬಡಗಿ, ಟೈಲರ್ ಸೇರಿ ರಿಪೇರಿ ಮಾಡಬಹುದಾದ ಸೀಟು ಮಾತ್ರ ಇದೆ. ಹುಡುಕಬೇಕಾದದ್ದು ಅದನ್ನು.

ಮೊದಲು ಕಲೆಗಳ ಲೆಕ್ಕ

ಅಂಗಡಿಗೆ ಹೋಗುವ ಮುನ್ನ, ಈ ಮನೆಯ ಸೀಟಿನ ಮೇಲೆ ಏನೇನು ಬೀಳುತ್ತದೆ ಎಂದು ಒಂದು ಚೀಟಿ ಬರೆದುಕೊಳ್ಳುವುದು ಒಳ್ಳೆಯದು. ವಿದೇಶಿ ಸಲಹೆಗಳಲ್ಲಿ ಎಲ್ಲದಕ್ಕೂ ಮೊದಲು ರೆಡ್ ವೈನ್ ಬರುತ್ತದೆ. ಬೆಂಗಳೂರು ಗ್ರಾಮಾಂತರದ ಪಟ್ಟಿ ಬೇರೆ. ಬೆಟ್ಟ ಹತ್ತಿ ಬಂದವರ ಪ್ಯಾಂಟಿನ ಕೆಮ್ಮಣ್ಣು. ನಸುಕಿನಲ್ಲಿ ಹೊಸಕೋಟೆಯಲ್ಲಿ ಸಾಲು ನಿಂತು ತಂದ ದಮ್ ಬಿರಿಯಾನಿ ಪಾರ್ಸೆಲ್ಲಿನ ಎಣ್ಣೆ. ರಸ್ತೆ ಬದಿಯಲ್ಲಿ ಕೊಂಡ ಬೆಂಗಳೂರು ನೀಲಿ ದ್ರಾಕ್ಷಿಯ ರಸ. ಬೇಸಿಗೆ ಕಳೆಯುವ ಹೊತ್ತಿಗೆ ತೂಬಗೆರೆ ಕಡೆಯ ಹಲಸಿನ ಮೇಣ. ಘಾಟಿಯಿಂದ ಬಂದವರ ಹಣೆಯ ಕುಂಕುಮ, ಒರಗಿ ಕೂತವರ ತಲೆಯ ಕೊಬ್ಬರಿ ಎಣ್ಣೆ, ಎಲ್ಲರ ಫಿಲ್ಟರ್ ಕಾಫಿ.

ಇವು ಒಂದೇ ಜಾತಿಯ ಕಲೆಗಳಲ್ಲ. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು. ಹಸಿಯಿದ್ದಾಗ ಉಜ್ಜಿದರೆ ನೂಲಿನೊಳಗೆ ಇಳಿಯುತ್ತದೆ, ಒಣಗಲು ಬಿಟ್ಟು ಬ್ರಷ್‌ನಿಂದ ಝಾಡಿಸಿದರೆ ಮುಕ್ಕಾಲು ಪಾಲು ಉದುರಿಹೋಗುತ್ತದೆ. ಕುಂಕುಮಕ್ಕೂ ಇದೇ ಮಾತು: ಮೊದಲು ಕೊಡವಬೇಕು, ನೀರು ಆಮೇಲೆ. ಹಲಸಿನ ಮೇಣಕ್ಕೆ ಸೋಪು ಹಾಕಿ ತಿಕ್ಕಿದರೆ ಇನ್ನಷ್ಟು ಹರಡುತ್ತದೆ. ಕೈಗೆ ಅಂಟಿದಾಗ ಮಾಡುವಂತೆಯೇ ಎಣ್ಣೆ ಸವರಿ ಬಿಡಿಸಿ, ಆ ಎಣ್ಣೆಯನ್ನು ಪಾತ್ರೆ ತೊಳೆಯುವ ದ್ರವದಿಂದ ತೆಗೆಯಬೇಕು.

ಎಲ್ಲಕ್ಕಿಂತ ಹಟಮಾರಿ ಅರಿಸಿನ. ಅದರ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ. ಹಾಗಾಗಿ ಬಿರಿಯಾನಿ, ಕುರ್ಮಾ, ಉಪ್ಪಿನಕಾಯಿಯ ಎಣ್ಣೆಯ ಜೊತೆ ಬಟ್ಟೆಯೊಳಗೆ ನುಗ್ಗುತ್ತದೆ. ಬಟ್ಟೆ ಸೋಪು ಹಾಕಿದ ಕೂಡಲೇ ಹಳದಿ ಕಲೆ ಕೆಂಪಾಗುವುದನ್ನು ಕಂಡು ತೋಟ ನೋಡಿಕೊಳ್ಳುವವರು ಗಾಬರಿಯಾಗುವುದುಂಟು. ಅದು ಕ್ಷಾರ ತಾಗಿದ ಕರ್ಕ್ಯುಮಿನ್‌ನ ಗುಣ ಅಷ್ಟೆ, ಚೆನ್ನಾಗಿ ಜಾಲಾಡಿ ನಿಂಬೆರಸ ಹಚ್ಚಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆದರೆ ಈ ಬಣ್ಣಕ್ಕೆ ಬಿಸಿಲೆಂದರೆ ಆಗದು. ಒಗೆದ ಬಟ್ಟೆಯನ್ನು ಒಂದೆರಡು ದಿನ ನೇರ ಬಿಸಿಲಿಗೆ ಹರವಿದರೆ ಕಲೆ ತಾನಾಗಿ ಮಾಸುತ್ತದೆ. ಇಲ್ಲೇ ಒಂದು ಮುಖ್ಯ ಪಾಠವಿದೆ. ಇಡೀ ಸೋಫಾವನ್ನು ಅಂಗಳಕ್ಕೆ ಹೊತ್ತು ತರಲಾಗದು, ಜಿಪ್ ಬಿಚ್ಚಿ ತೆಗೆದ ಕವರನ್ನು ತಂತಿಯ ಮೇಲೆ ಹಾಕಬಹುದು.

ಚೌಕಟ್ಟು: ಗೆದ್ದಲಿಗೆ ಸಿಗದಂತೆ

ಬಟ್ಟೆ ಆರಿಸುವ ಸಂಭ್ರಮದಲ್ಲಿ ಸೋಫಾದ ಅಡಿಗೆ ಇಣುಕುವವರು ಕಡಿಮೆ. ಈ ಕೆಂಪು ನೆಲದಲ್ಲಿ ಗೆದ್ದಲು ದೊಡ್ಡ ಶತ್ರು. ವಾರದಲ್ಲಿ ಐದು ದಿನ ಮುಚ್ಚಿರುವ ಮನೆಯಲ್ಲಂತೂ ಅದು ಯಾರ ಕಣ್ಣಿಗೂ ಬೀಳದೆ ಕೆಲಸ ಮುಗಿಸುತ್ತದೆ. ಅಡಿಯ ಕಪ್ಪು ಬಟ್ಟೆಯನ್ನು ಒಂದು ಮೂಲೆಯಲ್ಲಿ ಬಿಚ್ಚಿ ತೋರಿಸಲು ಅಂಗಡಿಯವರಿಗೆ ಹೇಳಬೇಕು. ಒಳಗೆ ಪ್ಯಾಕಿಂಗ್ ಪೆಟ್ಟಿಗೆಯ ಮರವೋ ಪಾರ್ಟಿಕಲ್ ಬೋರ್ಡೋ ಕಂಡರೆ ಮುಂದಿನ ಅಂಗಡಿ ನೋಡುವುದು ಮೇಲು. ಪ್ಲೈವುಡ್ ಆದರೆ ಐಎಸ್ 303ರ ಬಿಡಬ್ಲ್ಯುಆರ್ ದರ್ಜೆ ಅಥವಾ ಐಎಸ್ 710ರ ಮರೈನ್ ಪ್ಲೈ ಎಂಬ ಮುದ್ರೆ ಇರಬೇಕು. ಮರವಾದರೆ ತೇಗ, ಹೊನ್ನೆ. ಹದಮಾಡಿದ್ದರೆ ಬೇವು, ಹಲಸೂ ಆದೀತು. ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಚೌಕಟ್ಟಿಗೆ ಗೆದ್ದಲಿನ ಭಯವಿಲ್ಲ, ಬೆಸುಗೆ ಬಿಟ್ಟರೆ ದೊಡ್ಡಬಳ್ಳಾಪುರದಲ್ಲೋ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲೋ ವೆಲ್ಡಿಂಗ್ ಅಂಗಡಿ ಸಿಗುತ್ತದೆ.

ಸೋಫಾದ ಕಾಲು ಕನಿಷ್ಠ ಆರು ಇಂಚು ಎತ್ತರವಿರಲಿ. ಪೊರಕೆ ಒಳಗೆ ಹೋಗಬೇಕು, ಗೆದ್ದಲಿನ ಮಣ್ಣುಗೂಡು ಏರುತ್ತಿದ್ದರೆ ಕಾಣಬೇಕು. ನೆಲಕ್ಕೆ ಅಂಟಿಕೊಂಡಂತಿರುವ ತಗ್ಗು ಸೋಫಾ ಮ್ಯಾಗಜಿನ್ನಿನ ಪುಟದಲ್ಲಿ ಚೆಂದ. ಅದರಿಂದ ಏಳಲು ಅಜ್ಜಿಗೆ ಇಬ್ಬರು ಕೈ ಕೊಡಬೇಕಾಗುತ್ತದೆ. ಕೂರುವ ಎತ್ತರ 17ರಿಂದ 18 ಇಂಚು ಇದ್ದರೆ ಮೂರು ತಲೆಮಾರು ಒಟ್ಟಿಗೆ ಬರುವ ಕುಟುಂಬಕ್ಕೆ ಹೊಂದುತ್ತದೆ. ತೋಳಿನ ಮೇಲ್ಭಾಗ ಬಟ್ಟೆಯದಲ್ಲ, ಅಗಲವಾದ ಮರದ್ದಾಗಿರಲಿ. ಕಾಫಿ ಲೋಟ ಇಡುವುದು ಅಲ್ಲಿಯೇ.

ಹೊಸದಾಗಿ ಮನೆ ಕಟ್ಟಿಸುತ್ತಿರುವವರು ಸೋಫಾದ ಅರ್ಧ ಖರ್ಚನ್ನು ಜಗಲಿಯ ಮೇಲೆ ಹಾಕಬಹುದು. ಹಳೆಯ ತೊಟ್ಟಿಮನೆಗಳಲ್ಲಿ ಬಂದವರು ಕೂರುತ್ತಿದ್ದದ್ದು ಜಗಲಿಯ ಮೇಲೆಯೇ. ಗೋಡೆಗೆ ಸೇರಿಸಿ 14–15 ಇಂಚು ಎತ್ತರ, ಎರಡು ಅಡಿ ಅಗಲದ ಕಟ್ಟೆ ಕಟ್ಟಿ, ಮೇಲೆ ದೇವನಹಳ್ಳಿ ತಾಲ್ಲೂಕಿನದೇ ಆದ ಸಾದಹಳ್ಳಿ ಕಲ್ಲಿನ ಚಪ್ಪಡಿ ಹಾಸಿ, ನಾಲ್ಕು ಇಂಚಿನ ಗಾದಿ ಇಟ್ಟರೆ ಗೆದ್ದಲೂ ಇಲ್ಲ, ಕಾಲು ಮುರಿಯುವ ಚಿಂತೆಯೂ ಇಲ್ಲ. ಒಂದು ಎಚ್ಚರ ಬೇಕು: ಪಾಲಿಶ್ ಮಾಡದ ಈ ಬೂದು ಗ್ರಾನೈಟ್ ಎಣ್ಣೆಯನ್ನು ಹೀರಿಕೊಂಡು ಕಪ್ಪು ಮಚ್ಚೆ ಉಳಿಸಿಕೊಳ್ಳುತ್ತದೆ. ಹಾಸಿದ ಕೂಡಲೇ ಕಲ್ಲಿಗೆ ಹಾಕುವ ಸೀಲರ್ ಬಳಿಸಬೇಕು.

ಒಳಗಿನ ಫೋಮ್

ಅಂಗಡಿಯಲ್ಲಿ ಎರಡು ನಿಮಿಷ ಕೂತು ‘ಮೆತ್ತಗಿದೆ’ ಎಂದು ಒಪ್ಪುವುದು ಮೋಸಹೋಗುವ ದಾರಿ. ಕೇಳಬೇಕಾದದ್ದು ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೊ ಎಂಬ ಲೆಕ್ಕ. ಕೂರುವ ಭಾಗಕ್ಕೆ 32ಕ್ಕಿಂತ ಕಡಿಮೆ ಬೇಡ, ವಾರವಾರವೂ ಹೊಸ ತಂಡ ಕೂರುವ ಮನೆಗೆ 40 ಡೆನ್ಸಿಟಿಯ ಎಚ್‌ಆರ್ (ಹೈ ರೆಸಿಲಿಯನ್ಸ್) ಫೋಮ್ ವಾಸಿ. ಒರಗುವ ಭಾಗಕ್ಕೆ ಅದಕ್ಕಿಂತ ಹಗುರದ್ದು ನಡೆಯುತ್ತದೆ. ಜಗಲಿಯ ಗಾದಿಗೆ ಕೆಳಗೆ ಎರಡು ಇಂಚು ಗಟ್ಟಿ ರೀಬಾಂಡೆಡ್, ಮೇಲೆ ಎರಡು ಇಂಚು ಎಚ್‌ಆರ್ ಸೇರಿಸಿದರೆ ಕಲ್ಲು ಒತ್ತುವುದಿಲ್ಲ.

ಹೊರಕವರಿನ ಒಳಗೆ, ಫೋಮಿಗೆ ನೇರವಾಗಿ, ನೀರು ಇಳಿಯದ ತೆಳು ಒಳಕವರು ಹಾಕಿಸುವುದು ಬಹಳ ಮಂದಿ ಮರೆಯುವ ಕೆಲಸ. ಮಗುವಿನ ಉಚ್ಚೆ, ಚೆಲ್ಲಿದ ಸಾರು ಫೋಮಿಗೆ ಇಳಿದರೆ ಆ ವಾಸನೆಗೆ ಮದ್ದಿಲ್ಲ. ಈ ಕಡೆ ಮಳೆ ಜೋರಾಗುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒದ್ದೆ ಫೋಮ್ ಒಣಗುವುದೂ ಇಲ್ಲ, ಬೂಷ್ಟು ಬರುತ್ತದೆ.

ಬಟ್ಟೆಯೋ ರೆಕ್ಸಿನ್ನೋ

ಒರೆಸಿದರೆ ಮುಗಿಯಿತು ಎಂಬ ಕಾರಣಕ್ಕೆ ಹಲವರು ರೆಕ್ಸಿನ್‌ಗೆ ಮನಸೋಲುತ್ತಾರೆ. ರೆಕ್ಸಿನ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಮಾಲು ಮಾರಾಟವಾಗುತ್ತವೆ: ಪಿಯು ಮತ್ತು ಪಿವಿಸಿ. ಪಿಯು ಕೈಗೆ ನುಣುಪು, ಚರ್ಮದ ಹಾಗೆಯೇ ಕಾಣುತ್ತದೆ. ಆದರೆ ಗಾಳಿಯ ತೇವ, ಬೆವರು, ತಲೆಯೆಣ್ಣೆಗೆ ಅದರ ಮೇಲ್ಪದರ ಶಿಥಿಲವಾಗಿ ಕೆಲವೇ ವರ್ಷಗಳಲ್ಲಿ ಹಪ್ಪಳೆ ಏಳುತ್ತದೆ. ಎದ್ದ ಮೇಲೆ ಯಾವ ರಿಪೇರಿಯೂ ಇಲ್ಲ. ಪಿವಿಸಿ ಒರಟು, ಬೇಸಿಗೆಯಲ್ಲಿ ತೊಡೆಗೆ ಅಂಟುತ್ತದೆ, ಆದರೂ ತೇವಕ್ಕೆ ಹೆಚ್ಚು ತಾಳುತ್ತದೆ. ಊಟದ ಮೇಜಿನ ಕುರ್ಚಿಗೆ ಪಿವಿಸಿ ಸರಿ. ಗಂಟೆಗಟ್ಟಲೆ ಕಾಲು ಚಾಚಿ ಹರಟುವ ಹಜಾರಕ್ಕೆ ಬಟ್ಟೆಯೇ ಬೇಕು.

ಬಟ್ಟೆಯಲ್ಲಿ ನೋಡಬೇಕಾದ್ದು ಎರಡು ವಿಷಯ. ಒಂದು, ಸವೆತದ ಲೆಕ್ಕ. ಮಾರ್ಟಿಂಡೇಲ್ ಎಂಬ ಯಂತ್ರದಲ್ಲಿ ಬಟ್ಟೆಯನ್ನು ಉಜ್ಜಿ, ಎಷ್ಟು ಉಜ್ಜಿಗೆ ನೂಲು ಹರಿಯಿತು ಎಂದು ಎಣಿಸುತ್ತಾರೆ. ಮನೆಬಳಕೆಗೆ 15ರಿಂದ 25 ಸಾವಿರ ಸಾಕು, ಬಾಡಿಗೆ ಮನೆಗೆ 30 ಸಾವಿರದ ಮೇಲಿನದನ್ನು ಕೇಳಬೇಕು. ಒಳ್ಳೆಯ ಅಂಗಡಿಯ ಸ್ಯಾಂಪಲ್ ಪುಸ್ತಕದ ಹಿಂಬದಿಯಲ್ಲಿ ಈ ಅಂಕಿ ಇರುತ್ತದೆ. ಇನ್ನೊಂದು, ಬಣ್ಣ ಯಾವಾಗ ಹಾಕಿದ್ದಾರೆ ಎಂಬುದು. ಸಾಮಾನ್ಯ ಬಟ್ಟೆಗೆ ನೂತ ಮೇಲೆ ಇಲ್ಲವೇ ನೇಯ್ದ ಮೇಲೆ ಬಣ್ಣ ಹಾಕುತ್ತಾರೆ. ‘ಸೊಲ್ಯೂಷನ್ ಡೈಡ್’ ಅಕ್ರಿಲಿಕ್, ಪಾಲಿಪ್ರೊಪಿಲೀನ್‌ಗಳಲ್ಲಿ ಎಳೆ ತೆಗೆಯುವ ಮುಂಚೆಯೇ ಬಣ್ಣ ಬೆರೆಸಿರುತ್ತಾರೆ. ಪಶ್ಚಿಮದ ಕಿಟಕಿಯ ಬಿಸಿಲಿಗೆ ಅದು ಬೇಗ ಮಾಸುವುದಿಲ್ಲ, ನೀರು ಬೆರೆಸಿದ ಬ್ಲೀಚನ್ನೂ ತಾಳುತ್ತದೆ. ಬೆಲೆ ಹೆಚ್ಚು ನಿಜ. ಕೂರುವ ಭಾಗಕ್ಕೆ ಮಾತ್ರ ಇದನ್ನು ಹಾಕಿಸಿ, ಹಿಂಬದಿಗೆ ಅದೇ ಬಣ್ಣದ ಸಾದಾ ಪಾಲಿಯೆಸ್ಟರ್ ಹೊಲಿಸಿದರೆ ಯಾರಿಗೂ ಗೊತ್ತಾಗದು.

ಕಲೆ ತಡೆಯುವ ಸ್ಪ್ರೇ, ಲೇಪನಗಳ ಕಥೆ ಬೇರೆ. 1953ರಲ್ಲಿ ಅಮೆರಿಕದ 3ಎಂ ಕಂಪನಿಯ ಪ್ರಯೋಗಾಲಯದಲ್ಲಿ ಸಹಾಯಕರೊಬ್ಬರ ಕ್ಯಾನ್ವಾಸ್ ಬೂಟಿನ ಮೇಲೆ ರಾಸಾಯನಿಕವೊಂದು ಚೆಲ್ಲಿತು. ಅದು ಬಿದ್ದ ಜಾಗಕ್ಕೆ ಕೊಳೆ ಹಿಡಿಯದ್ದನ್ನು ಗಮನಿಸಿದ ಪ್ಯಾಟ್ಸಿ ಶೆರ್ಮನ್ ಮತ್ತು ಅವರ ಸಹೋದ್ಯೋಗಿಯ ಕೆಲಸದಿಂದ ಸ್ಕಾಚ್‌ಗಾರ್ಡ್ ಹುಟ್ಟಿತು. ಅದರಲ್ಲಿದ್ದ ಫ್ಲೋರಿನ್ ಸಂಯುಕ್ತ ಪರಿಸರದಲ್ಲಿ ವಿಘಟನೆಯಾಗದೆ ಉಳಿಯುತ್ತದೆಂದು ತಿಳಿದ ಮೇಲೆ ಅದನ್ನು ಕೈಬಿಡುವುದಾಗಿ ಕಂಪನಿ 2000ದಲ್ಲಿ ಘೋಷಿಸಿತು. ಇಂದಿನ ಲೇಪನಗಳೂ ಒಗೆತಕ್ಕೆ, ಉಜ್ಜಾಟಕ್ಕೆ ಸವೆಯುತ್ತವೆ. ಲೇಪನ ಇದ್ದರೆ ಇರಲಿ, ಅದಕ್ಕೆಂದೇ ಹೆಚ್ಚು ಹಣ ಕೊಡುವುದು ಬೇಡ.

ಬಣ್ಣದ ವಿಷಯಕ್ಕೆ ಬಂದರೆ, ಬಿಳಿಯಷ್ಟೇ ಅಪಾಯ ಅಚ್ಚ ಕಪ್ಪು. ಧೂಳು, ನಾಯಿಕೂದಲು, ಬೋರ್‌ವೆಲ್ಲಿನ ಗಡಸು ನೀರು ಉಳಿಸುವ ಬಿಳಿ ಗುರುತು ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. ಎರಡು ಮೂರು ಛಾಯೆಯ ನೂಲು ಬೆರೆತ ಇಟ್ಟಿಗೆ ಬಣ್ಣ, ರಾಗಿ ಬಣ್ಣ, ಬೂದು ಹಸಿರು ಈ ಮಣ್ಣಿಗೆ ಹೊಂದುತ್ತವೆ. ಗುಂಡಿ ಒತ್ತಿ ಹೊಲಿದ ಸೀಟು, ಕುಣಿಕೆ ಎದ್ದ ಬಟ್ಟೆ ಎರಡನ್ನೂ ಬಿಡಬೇಕು. ಮೊದಲನೆಯದರಲ್ಲಿ ಮಿಕ್ಸ್‌ಚರ್ ಚೂರು ಸೇರಿ ತಿಗಣೆಗೂ ಮನೆಯಾಗುತ್ತದೆ, ಎರಡನೆಯದು ನಾಯಿಯ ಉಗುರಿಗೆ ಸಿಕ್ಕಿ ಎಳೆಎಳೆಯಾಗುತ್ತದೆ.

ತುಂಡು ತಂದು ಪರೀಕ್ಷೆ

ಆರ್ಡರ್ ಕೊಡುವ ಮುನ್ನ ಅಂಗೈಯಗಲದ ಬಟ್ಟೆ ತುಂಡು ಕೇಳಿ ತರಬೇಕು. ಅರಿಸಿನ ಬೆರೆಸಿದ ಬಿಸಿ ಎಣ್ಣೆ ಒಂದು ಹನಿ, ಹಿಸುಕಿದ ನೀಲಿ ದ್ರಾಕ್ಷಿ ಒಂದು, ಹಾಲು ಹಾಕಿದ ಕಾಫಿ ಒಂದು ಚಮಚ ಬೇರೆ ಬೇರೆ ಮೂಲೆಗೆ ಹಾಕಿ ರಾತ್ರಿಯಿಡೀ ಬಿಡುವುದು. ಅತಿಥಿಗಳು ಕಲೆ ಮಾಡಿದ್ದನ್ನು ಹೇಳಿ ಹೋಗುವುದು ಅಪರೂಪ, ಅದು ಕಾಣುವುದು ಮರುದಿನವೇ. ಬೆಳಿಗ್ಗೆ ತಣ್ಣೀರಿನಲ್ಲಿ ನೆನೆಸಿ, ಮನೆಯಲ್ಲಿರುವ ಸೋಪಿನಲ್ಲೇ ಒಗೆದು, ಬಿಸಿಲಿಗೆ ಹಾಕಿ ನೋಡಬೇಕು. ಜೊತೆಗೆ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ತುಂಡಿನ ಮೇಲೆ ಉಜ್ಜಿದರೆ ಬಣ್ಣ ಬಿಡುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ತುಂಡಿನ ಅಂಚಿನ ಗುಂಟ ಪೆನ್ನಿನಿಂದ ಕಾಗದದ ಮೇಲೆ ಮೊದಲೇ ಗೆರೆ ಎಳೆದಿಟ್ಟುಕೊಂಡಿದ್ದರೆ ಎಷ್ಟು ಕುಗ್ಗಿತು ಎಂಬುದು ಸಿಗುತ್ತದೆ. ಹತ್ತಿ ಬೆರೆತ ಬಟ್ಟೆಯನ್ನಂತೂ ಒಗೆದು ಒಣಗಿಸಿಯೇ ಟೈಲರ್ ಕೈಗೆ ಕೊಡಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಜಿಪ್ ಕೂಡುವುದಿಲ್ಲ.

ಎಲ್ಲಿ ಕೊಳ್ಳುವುದು, ಯಾರಿಂದ ಹೊಲಿಸುವುದು

ಸಿದ್ಧ ಸೋಫಾ ಬೇಕೆನ್ನುವವರಿಗೆ 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ತೆರೆದ ಐಕಿಯಾ ನೆಲಮಂಗಲದ ಕಡೆಯವರಿಗೆ ದಾರಿಯಲ್ಲೇ ಸಿಗುತ್ತದೆ. ಅಲ್ಲಿನ ಹಲವು ಸೋಫಾಗಳ ಕವರು ಬಿಚ್ಚಬಹುದು, ಕೆಲವಕ್ಕೆ ಕವರು ಬಿಡಿಯಾಗಿಯೂ ದೊರೆಯುತ್ತದೆ. ಕೊಳ್ಳುವ ಮುನ್ನ ಕವರಿನ ಚೀಟಿಯಲ್ಲಿ ಯಂತ್ರದ ಒಗೆತವೋ ಡ್ರೈಕ್ಲೀನೋ ನೋಡಬೇಕು, ತೋಟದಮನೆಗೆ ಡ್ರೈಕ್ಲೀನ್ ಎಂದರೆ ಪೇಟೆಗೆ ಓಡಾಟ.

ಮಾಡಿಸುವುದಾದರೆ ದೊಡ್ಡಬಳ್ಳಾಪುರದವರು ಅದೃಷ್ಟವಂತರು. ಅಲ್ಲಿನ ವಿದ್ಯುತ್ ಮಗ್ಗಗಳು ಹೆಸರಾಗಿರುವುದು ಸೀರೆಗೆ, ಸೋಫಾ ಬಟ್ಟೆಗೆ ಬೆಂಗಳೂರಿನ ಚಿಕ್ಕಪೇಟೆಗೇ ಹೋಗಬೇಕು. ಆದರೆ ಗಾರ್ಮೆಂಟ್ಸ್‌ನಲ್ಲಿ ಪಳಗಿದ ಹೊಲಿಗೆಯ ಕೈಗಳಿಗೆ ಆ ಊರಲ್ಲಿ ಬರವಿಲ್ಲ. ಮೂವರು ಕೂರುವ ಸೋಫಾಗೆ ಪೂರ್ತಿ ಬಟ್ಟೆ ಹಾಕಿಸಲು 54 ಇಂಚು ಪನ್ನದ ಬಟ್ಟೆ ಸುಮಾರು 10ರಿಂದ 12 ಮೀಟರ್ ಹಿಡಿಯುತ್ತದೆ. ಮರದ ಚೌಕಟ್ಟಿನ ಮೇಲೆ ಬಿಡಿ ಕುಶನ್ ಇಟ್ಟರೆ ಅದರ ಅರ್ಧ ಸಾಕು, ಉಳಿದ ದುಡ್ಡಿಗೆ ಎರಡನೇ ಜೊತೆ ಕವರು ಬಂತು. ಹೊಲಿಸುವಾಗ ಹೇಳಬೇಕಾದದ್ದು: ಜಿಪ್ ಉದ್ದಬದಿಯಲ್ಲಿ ಪೂರ್ತಿ ತೆರೆಯಬೇಕು, ಮೂಲೆಗೆ ಜೋಡಿ ಹೊಲಿಗೆ ಬೇಕು, ಕುಶನ್‌ನ ಎರಡೂ ಬದಿಗೆ ಒಂದೇ ಬಟ್ಟೆಯಿರಬೇಕು. ತಿರುಗಿಸಿ ಹಾಕಿದರೆ ಸವೆತ ಸಮನಾಗುತ್ತದೆ.

ಸೋಫಾ ಕಮ್ ಬೆಡ್ ಬೇಡ. ಎಳೆಯುವ ರೀತಿ ಗೊತ್ತಿಲ್ಲದ ಹತ್ತು ಕೈಗಳಿಗೆ ಅದರ ಕೀಲು ಬಲುಬೇಗ ಸೋಲುತ್ತದೆ. ಹೆಚ್ಚು ಜನ ಮಲಗಬೇಕಿದ್ದರೆ ಆರೂವರೆ ಅಡಿಯ ದಿವಾನ್ ಒಂದಿದ್ದರೆ ಸಾಕು.

ಎರಡು ತಂಡಗಳ ನಡುವಿನ ಮೂರು ಗಂಟೆ

ಹನ್ನೊಂದಕ್ಕೆ ಒಂದು ತಂಡ ಹೊರಟು ಎರಡಕ್ಕೆ ಇನ್ನೊಂದು ಬರುವ ಮನೆಯಲ್ಲಿ ಒಗೆದು ಒಣಗಿಸಲು ಹೊತ್ತಿಲ್ಲ. ಹಾಗಾಗಿ ಕವರಿನ ಎರಡನೇ ಜೊತೆ ಸೌಕರ್ಯಕ್ಕಲ್ಲ, ಅಗತ್ಯಕ್ಕೆ. ಬೀರುವಿನಲ್ಲಿ ಅದರ ಪಕ್ಕ ಒಂದು ಡಬ್ಬಿ: ಬಿಳಿ ಹತ್ತಿ ಬಟ್ಟೆ, ಮೆತ್ತನೆ ಬ್ರಷ್, ಪಾತ್ರೆ ತೊಳೆಯುವ ದ್ರವ, ಕೊಬ್ಬರಿ ಎಣ್ಣೆ, ಬಿಳಿ ವಿನೆಗರ್. ಮುಚ್ಚಳದ ಒಳಗೆ ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿರಲಿ. ಏಕೆಂದರೆ ಕಲೆ ತೆಗೆಯುವವರು ಬೆಂಗಳೂರಿನಲ್ಲಿರುವ ಮಾಲೀಕರಲ್ಲ, ತೋಟ ನೋಡಿಕೊಳ್ಳುವ ಗಂಡಹೆಂಡತಿ. ಕವರು ತೆಗೆದಾಗಲೆಲ್ಲ ಕುಶನ್‌ನ ಹೊಲಿಗೆ ಸಾಲಿನಲ್ಲಿ ಕಪ್ಪು ಚುಕ್ಕಿ ಕಾಣುತ್ತದೆಯೇ ಎಂದು ನೋಡುವುದನ್ನೂ ಅವರಿಗೆ ಹೇಳಿಕೊಡಬೇಕು. ಊರೂರು ಸುತ್ತಿ ಬರುವ ಸೂಟ್‌ಕೇಸುಗಳ ಜೊತೆ ತಿಗಣೆ ಬರುವುದು ಹೀಗೆಯೇ ಮೊದಲು ಗೊತ್ತಾಗುತ್ತದೆ.

ಬಟ್ಟೆಯ ಬಿಲ್ಲನ್ನು ಫೋಟೊ ತೆಗೆದಿಟ್ಟುಕೊಂಡು, ಶೇಡ್ ನಂಬರನ್ನು ಕುಶನ್ ಒಳಕವರಿನ ಮೇಲೆ ಮಾಸದ ಮಾರ್ಕರಿನಿಂದ ಬರೆಸುವುದು ಕಡೆಯ ಕೆಲಸ. ಮೂರು ವರ್ಷದ ಮೇಲೆ ಒಂದೇ ಒಂದು ಕವರು ಹರಿದಾಗ ಚಿಕ್ಕಪೇಟೆಯ ಅಂಗಡಿಯವರು ಮೊದಲು ಕೇಳುವುದು ಆ ನಂಬರನ್ನೇ.