ಸುವರ್ಣಗಡ್ಡೆಯ ಬುಡಕೊಳೆ ರೋಗ

ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಿಂದ ಕೇಂದ್ರೀಯ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ಕೆಲಸ ಮಾಡುತ್ತಿದೆ. ಮರಗೆಣಸು, ಗೆಣಸು, ಕೆಸು, ಸುವರ್ಣಗಡ್ಡೆ ಮೊದಲಾದುವುಗಳ ವ್ಯಾಸಂಗವೇ ಅದರ ಉದ್ದೇಶ. ನಾವು ಸುವರ್ಣಗಡ್ಡೆ ಎಂದು ಕರೆಯುವುದನ್ನು ಇಲ್ಲಿಯವರು ಚೇನ ಎನ್ನುತ್ತಾರೆ. ಕುಂಭಮಾಸದಲ್ಲಿ ನೆಟ್ಟ ಚೇನ ಕೊಡದಷ್ಟು ಬೆಳೆಯುವುದೆಂದು ಮಲೆಯಾಳಿಗಳಲ್ಲಿ ಒಂದು ಗಾದೆಯಿದೆ. ಆದರೆ ಮಳೆಗಾಲದಲ್ಲಿ ಬುಡಕೊಳೆ ರೋಗ ತಗಲಿತೆಂದರೆ ಕೊಡವೂ ಇಲ್ಲ, ಚೆಂಬೂ ಇಲ್ಲ. ಹೀಗೇಕೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಗಿಡದ ರಚನೆಯನ್ನು ತಿಳಿಯಬೇಕು. ಸುವರ್ಣಗಡ್ಡೆಯಲ್ಲಿ ನಮಗೆ ಕಾಂಡದಂತೆ ಕಾಣುವುದು ಕಾಂಡವಲ್ಲ, ಎಲೆಯ ದಪ್ಪ ತೊಟ್ಟು. ಕೊಡೆ ಬಿಚ್ಚಿದಂತೆ ಮೇಲೆ ಹರಡಿರುವುದೆಲ್ಲ ಒಂದೇ ಎಲೆ. ನೆಲದೊಳಗಿನ ಗಡ್ಡೆ ದಪ್ಪವಾಗಬೇಕಾದರೆ ಈ ಎಲೆಯೇ ಆಹಾರ ಒದಗಿಸಬೇಕು. ತೊಟ್ಟಿನ ಬುಡ ಕೊಳೆತರೆ ಎಲೆ ಉರುಳುತ್ತದೆ. ಗಡ್ಡೆಯ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ.

ಈ ರೋಗವನ್ನು ತರುವ ಬೂಷ್ಟಿನ ಹೆಸರು ಸ್ಕ್ಲೆರೋಷಿಯಂ ರಾಲ್ಫ್ಸಿಯೈ. 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಟೊಮೇಟೊ ಗಿಡಗಳ ಮೇಲೆ ಇದನ್ನು ಗುರುತಿಸಿದ ರಾಲ್ಫ್ಸ್ ಎಂಬವರ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ರೋಗ ಬಿದ್ದ ಗಿಡದ ಬುಡದಲ್ಲಿ ಬಿಳಿಯ ನೂಲಿನಂಥ ಜಾಲವೂ, ಸಾಸಿವೆಯಂಥ ಕಂದು ಕಾಳುಗಳೂ ಕಾಣುತ್ತವೆ. ಈ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ನಮ್ಮ ಕರ್ನಾಟಕದ ನೆಲಗಡಲೆ, ರಾಗಿ, ವೀಳ್ಯದೆಲೆಯ ಬಳ್ಳಿಗಳಿಗೂ ಇದೇ ಶತ್ರು.

ಈ ಬೂಷ್ಟು ಆಕ್ಸಾಲಿಕ್ ಆಮ್ಲವೆಂಬ ವಿಷವನ್ನು ಸೂಸುತ್ತದೆ. ಅದರಿಂದಾಗುವ ಕೆಲಸ ಒಂದಲ್ಲ. ಗಿಡದ ಜೀವಕೋಶಗಳ ಗೋಡೆಗಳನ್ನು ಪೆಕ್ಟಿನ್ ಎಂಬ ಅಂಟು ಬಿಗಿದಿರುತ್ತದೆ. ಆ ಅಂಟಿಗೆ ಗಟ್ಟಿತನ ಕೊಡುವುದು ಕ್ಯಾಲ್ಸಿಯಂ. ಆಮ್ಲವು ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತದೆ. ಬೂಷ್ಟಿನ ಕಿಣ್ವವು ಸಡಿಲವಾದ ಪೆಕ್ಟಿನ್ನನ್ನು ಕತ್ತರಿಸುತ್ತದೆ. ಇವೆರಡೂ ಒಂದಕ್ಕೊಂದು ನೆರವಾಗಿ ನಡೆಯುತ್ತವೆಂದು ಬೇಟ್‌ಮನ್ ಮತ್ತು ಬೀರ್ ಎಂಬ ವಿಜ್ಞಾನಿಗಳು 1965ರಲ್ಲಿ ತೋರಿಸಿದರು. ಗಾರೆ ಕಿತ್ತ ಮೇಲೆ ಇಟ್ಟಿಗೆ ಕೀಳುವುದು ಕಷ್ಟವೇ?

ಎರಡನೆಯ ಕೆಲಸ ಇನ್ನೂ ವಿಚಿತ್ರವಾದುದು. ಅದು ಬಲಾತ್ಕಾರವಲ್ಲ, ವಂಚನೆ. ಗಿಡಕ್ಕೆ ನರಗಳಿಲ್ಲ. ಒಂದು ಭಾಗದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವುವು ಹಾರ್ಮೋನುಗಳೆಂಬ ರಸಾಯನಗಳು. ಬಾಳೆಗೊನೆಯನ್ನು ಮುಚ್ಚಿಟ್ಟರೆ ಬೇಗ ಹಣ್ಣಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದಕ್ಕೆ ಕಾರಣವಾದ ಎಥಿಲೀನ್ ಅನಿಲವೂ ಇಂಥದೊಂದು ಹಾರ್ಮೋನು. ಹಣ್ಣಾಗಲಿ, ಎಲೆ ಉದುರಲಿ ಎಂಬ ಆಜ್ಞೆಗಳಂತೆಯೇ ಜೀವಕೋಶ ಸಾಯಲಿ ಎಂಬ ಆಜ್ಞೆಯಲ್ಲಿಯೂ ಅದರ ಪಾತ್ರವಿದೆ.

ಗಿಡವು ತನ್ನ ಕೋಶವನ್ನೇ ಏಕೆ ಕೊಲ್ಲಬೇಕು? ಅದೂ ಆತ್ಮರಕ್ಷಣೆಯೇ. ತುಕ್ಕುರೋಗದ ಬೂಷ್ಟಿನಂಥವು ಜೀವಂತ ಕೋಶದಲ್ಲಿ ಮಾತ್ರ ಬಾಳಬಲ್ಲವು. ಅವು ಹೊಕ್ಕ ಕೋಶ ಸತ್ತರೆ ಅವೂ ಉಪವಾಸ ಬೀಳುತ್ತವೆ. ಆದರೆ ಬುಡಕೊಳೆಯ ಬೂಷ್ಟು ಸತ್ತ ಕೋಶವನ್ನೇ ಉಣ್ಣುವಂಥದು. ಅದರ ಮುಂದೆ ಈ ಉಪಾಯ ಮಾಡಿದರೆ ಕಳ್ಳನಿಗೆ ಎಲೆ ಹಾಕಿ ಬಡಿಸಿದಂತಾಗುತ್ತದೆ.

ಇದು ಬರಿಯ ಊಹೆಯಲ್ಲ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಕೋಶಗಳಿಗೆ ಆಕ್ಸಾಲಿಕ್ ಆಮ್ಲವನ್ನು ಬೆರೆಸಿ ನೋಡಿದರು. ಮೊದಲು ಕೋಶದ ಪೊರೆಯ ಮೂಲಕ ಋಣವಿದ್ಯುತ್ಕಣಗಳು ಹೊರಕ್ಕೆ ಹರಿದುವು. ಬಳಿಕ ಎಥಿಲೀನ್ ಹುಟ್ಟಿತು. ಕೋಶಗಳು ಕುಗ್ಗಿ ಸತ್ತುವು. ಮೊದಲಿನ ಹರಿವನ್ನು ತಡೆದಾಗ ಎಥಿಲೀನೂ ಹುಟ್ಟಲಿಲ್ಲ, ಸಾವೂ ಬರಲಿಲ್ಲ. ಈ ಸಾವಿಗೆ ಕೋಶವು ಹೊಸ ಪ್ರೋಟೀನುಗಳನ್ನು ತಯಾರಿಸಲೇಬೇಕಾಗಿತ್ತು ಎಂಬುದು ಗಮನಿಸತಕ್ಕ ಅಂಶ. ಆಮ್ಲವು ಕೋಶವನ್ನು ಸುಟ್ಟುದಾಗಿದ್ದರೆ ಕೋಶ ಇಷ್ಟು ದುಡಿಯಬೇಕಾಗಿರಲಿಲ್ಲ. ಕೋಶವೇ ದುಡಿದು ಸತ್ತಿತು!

ಇದೇ ಆಮ್ಲವನ್ನು ಸೂಸುವ ಸ್ಕ್ಲೆರೊಟೀನಿಯ ಎಂಬ ಇನ್ನೊಂದು ಬೂಷ್ಟಿನ ಕಥೆಯೂ ಹೀಗೆಯೇ. ನೀರು ಸಾಲದಾದಾಗ ಎಲೆಯ ರಂಧ್ರಗಳನ್ನು ಮುಚ್ಚಿಸುವ ಹಾರ್ಮೋನು ಅಬ್ಸಿಸಿಕ್ ಆಮ್ಲ. ಬೂಷ್ಟಿನ ವಿಷವು ಆ ಆಜ್ಞೆಯನ್ನು ನಡೆಯಗೊಡದೆ ರಂಧ್ರಗಳನ್ನು ತೆರೆದಿಡುತ್ತದೆಂದು 2004ರಲ್ಲಿ ತಿಳಿದುಬಂದಿತು.

ಇದರಿಂದ ಬೆಳೆಗಾರರು ಕಲಿಯಬೇಕಾದುದೇನು? ಸತ್ತ ಕೋಶ ಮತ್ತೆ ಬದುಕುವುದಿಲ್ಲ. ಎಲೆ ಬಾಡಿದ ಮೇಲೆ ಔಷಧ ಹುಡುಕುವುದಕ್ಕಿಂತ, ನೆಡುವ ಮೊದಲೇ ಎಚ್ಚರ ವಹಿಸುವುದು ಮೇಲು. ರೋಗವಿಲ್ಲದ ಬಿತ್ತನೆ ಗಡ್ಡೆಯನ್ನು ಆರಿಸಬೇಕು. ಟ್ರೈಕೋಡರ್ಮ ಎಂಬ ಉಪಕಾರಿ ಬೂಷ್ಟನ್ನು ಸಗಣಿಯ ಬಗ್ಗಡದಲ್ಲಿ ಕಲಸಿ, ಗಡ್ಡೆಯನ್ನು ಅದರಲ್ಲಿ ಅದ್ದಿ, ನೆರಳಲ್ಲಿ ಆರಿಸಿ ನೆಡಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಕಳೆ ಕೀಳುವಾಗ ತೊಟ್ಟಿಗೆ ಗಾಯವಾಗಬಾರದು. ರೋಗ ಬಿದ್ದ ಗಿಡವನ್ನು ಸುತ್ತಲಿನ ಮಣ್ಣಿನೊಡನೆ ತೆಗೆದು ದೂರ ಸಾಗಿಸಬೇಕು. ಒಂದು ಗಿಡದ ಬುಡದಲ್ಲಿ ಬಿಟ್ಟ ಆ ಸಾಸಿವೆಕಾಳುಗಳೇ ಮುಂದಿನ ವರ್ಷದ ಬೆಳೆಗೆ ಬಿತ್ತಿದ ರೋಗವೆಂಬುದನ್ನು ಮರೆಯಬಾರದು.